ಚಳಿ ಕಾಯಿಸುವುದು, ಸೆಕೆ ಕಳೆಯುವುದು

ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ನನಗೊಂದು ಅನುವಾದದ ಕೆಲಸ ಬಂತು. ಚಳಿ ದೇಶವೊಂದರಲ್ಲಿ ತಯಾರಾದ ಕೈಪಿಡಿ, ಎಂಬತ್ತು ಪುಟ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಂಥ ಸಾರ್ವಜನಿಕ ಕಟ್ಟಡಗಳಲ್ಲಿ ಇಂಧನ ಉಳಿಸುವುದು ಹೇಗೆ, ಪರಿಸರಕ್ಕೆ ಹೊರೆಯಾಗದಂತೆ ಅವನ್ನು ಬೆಚ್ಚಗಿಡುವುದು ಹೇಗೆ ಎನ್ನುವುದು ವಿಷಯ. ಕರ್ನಾಟಕದ ಎಂಜಿನಿಯರುಗಳ ತರಬೇತಿಗೆ ಅದು ಕನ್ನಡದಲ್ಲಿ ಬೇಕಿತ್ತು. ಸೀವುಡ್ಸಿನಲ್ಲಿ ನಾನಿರುವ ಮನೆ ನಾಲ್ಕನೆಯ ಮಹಡಿಯಲ್ಲಿದೆ, ಅದೇ ಕೊನೆಯ ಮಹಡಿ. ಮೇ ತಿಂಗಳು. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಹನ್ನೊಂದರವರೆಗೂ ಅದನ್ನು ನಮ್ಮ ತಲೆಯ ಮೇಲೆ ಬಿಡುತ್ತಿತ್ತು. ಬೆವರಿಗೆ ಮೊಣಕೈ ಮೇಜಿಗೆ ಅಂಟಿಕೊಳ್ಳುತ್ತಿರುವಾಗ ನಾನು 'ಹೀಟಿಂಗ್' ಎಂಬ ಪದಕ್ಕೆ ಕನ್ನಡ ಹುಡುಕುತ್ತ ಕೂತಿದ್ದೆ.

ಕೆಲಸ ಕೊಟ್ಟವರು ಒಂದು ಪದಪಟ್ಟಿಯನ್ನೂ ಕಳಿಸಿದ್ದರು. ಅದರಲ್ಲಿ 'ತಾಪನ' ಎಂದಿತ್ತು. ತಪ್ಪೇನಿಲ್ಲ, ಪಠ್ಯಪುಸ್ತಕಗಳಲ್ಲಿರುವ ಪದವೇ. ಆದರೂ ಮನಸ್ಸು ಒಪ್ಪಲಿಲ್ಲ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ರೂಮು ಕಾಯ್ಸದು ಅಂತಾರಾ?"

"ರೂಮ್ ಯಾಕೆ ಕಾಯ್ಸ್ತಾರೆ? ನೀರು ಕಾಯ್ಸ್ತಾರೆ, ಹಾಲು ಕಾಯ್ಸ್ತಾರೆ. ಚಳಿ ಆದ್ರೆ ಒಲೆ ಮುಂದೆ ಕೂತು ಚಳಿ ಕಾಯ್ಸ್ಕತ್ತಾರೆ."

ಈ 'ಚಳಿ ಕಾಯಿಸುವುದು' ವಿಚಿತ್ರವಾದ ನುಡಿಗಟ್ಟು. ಪದಕ್ಕೆ ಪದ ಇಟ್ಟು ನೋಡಿದರೆ ಚಳಿಯನ್ನೇ ಬಿಸಿ ಮಾಡಿದಂತೆ. ಬಿಸಿಲು ಕಾಯಿಸುವುದೂ ಹಾಗೆಯೇ. ಎರಡರಲ್ಲೂ ನಿಜವಾಗಿ ಬಿಸಿಯಾಗುವುದು ಮೈ. ಕೋಣೆಯ ಗಾಳಿ ಎಷ್ಟು ಡಿಗ್ರಿ ಇತ್ತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಸೆಕೆಯ ಕಡೆಗೆ ಬಂದರೆ ನಮ್ಮಲ್ಲಿ ಪದಗಳ ಬರವಿಲ್ಲ. ಸೆಕೆ, ಧಗೆ, ಝಳ, ಬೇಗೆ, ಕಾವು, ಉರಿ, ಒಂದೊಂದಕ್ಕೂ ಒಂದೊಂದು ಜಾಗ. ಕರಾವಳಿಯವರು ಸೆಕೆ ಎಂದಾಗ ಅದರಲ್ಲಿ ಬೆವರಿದೆ. ರಾಯಚೂರಿನ ಝಳದಲ್ಲಿ ಬೆವರು ಹುಟ್ಟಿದಲ್ಲೇ ಆರುತ್ತದೆ. ಇಲ್ಲಿನ ಮರಾಠಿ ನೆರೆಯವರ 'ಉಕಾಡಾ' ನಮ್ಮ ಸೆಕೆಯ ಖಾಸಾ ತಂಗಿ.

ಭಾಷಾಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಎಚ್ಚರ ಬೇಕು. ಒಂದು ಭಾಷೆಯಲ್ಲಿ ಪದವಿಲ್ಲ ಎಂದ ಮಾತ್ರಕ್ಕೆ ಆ ಜನಕ್ಕೆ ಆ ವಿಚಾರವೇ ಹೊಳೆದಿಲ್ಲ ಎಂದುಕೊಳ್ಳುವುದು ಹಳೆಯ ತಪ್ಪು. ಕನ್ನಡದಲ್ಲೂ ಕೋಣೆಯನ್ನು ಬೆಚ್ಚಗಿಟ್ಟ ಉದಾಹರಣೆ ಇದೆ, ಬಾಣಂತಿ ಕೋಣೆ. ಅಲ್ಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇರುತ್ತಿತ್ತು, ಬಾಗಿಲಿಗೆ ಪರದೆ ಇರುತ್ತಿತ್ತು. ಎದ್ದು ಒಲೆಯ ಮುಂದೆ ಬಂದು ಕೂರಲಾಗದ ಇಬ್ಬರು ಒಳಗಿದ್ದಾರೆ ಎಂದು ಕೋಣೆಯೇ ಬೆಚ್ಚಗಾಗಬೇಕಿತ್ತು. ಈ ಅಪವಾದ ನನಗೆ ಮುಂದೆ ಬಹಳ ಉಪಯೋಗಕ್ಕೆ ಬಂತು. ಸದ್ಯಕ್ಕೆ, ಆ ಕೈಪಿಡಿಯನ್ನು ಪಕ್ಕಕ್ಕಿಟ್ಟು ನಾನು ಹಿಡಿದ ಪ್ರಶ್ನೆ ಇದು: ನಮ್ಮ ಕಡೆಯ ಸಾರ್ವಜನಿಕ ಕಟ್ಟಡಗಳಲ್ಲಿ ಬಿಸಿ ಮತ್ತು ತಂಪಿನ ಲೆಕ್ಕವನ್ನು ಯಾರು, ಯಾವಾಗ, ಹೇಗೆ ಇಟ್ಟರು?

ಕಚೇರಿ, ಹೆಂಚು, ಫ್ಯಾನು

ಬೆಂಗಳೂರಿನ ಅಠಾರಾ ಕಚೇರಿ ಮುಗಿದದ್ದು 1868ರಲ್ಲಿ. ಈಗ ಅದು ಹೈಕೋರ್ಟು. ಕೆಂಪು ಗೋಡೆ, ಎರಡು ಅಂತಸ್ತು, ಸುತ್ತ ಕಂಬಗಳ ಸಾಲಿನ ಆಳವಾದ ವರಾಂಡ. ವಿದೇಶಿ ಮಾದರಿಯ ಕಂಬಗಳು ನಿಜ, ಆದರೆ ಅವುಗಳ ಹಿಂದಿನ ವರಾಂಡ ಮಾಡುತ್ತಿದ್ದ ಕೆಲಸ ನಮ್ಮ ಜಗಲಿಯದ್ದೇ. ಬಿಸಿಲು ಗೋಡೆಗೆ ನೇರವಾಗಿ ತಾಗದಂತೆ ತಡೆಯುವುದು, ಮಳೆ ಬಂದರೂ ಕಿಟಕಿ ತೆರೆದಿಡಲು ಬಿಡುವುದು, ಅಹವಾಲು ಹೊತ್ತು ಬಂದವರಿಗೆ ನಿಲ್ಲಲು ನೆರಳು ಕೊಡುವುದು. ಈ ಮೂರನೆಯದನ್ನು ಇಂಧನದ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ. ಸಾರ್ವಜನಿಕ ಕಟ್ಟಡಕ್ಕೆ ಬರುವ ಹೆಚ್ಚಿನ ಜನ ಕಾಯುವುದು ಬಾಗಿಲಿನ ಹೊರಗೆ, ಅಲ್ಲವೇ?

ಅಠಾರಾ ಕಚೇರಿ ಮುಗಿಯುವ ಮೂರು ವರ್ಷ ಮೊದಲು, 1865ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದ್ದರು. ಒಂದರ ತುಟಿ ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಹೆಂಚು ಕರಾವಳಿ, ಮಲೆನಾಡು ದಾಟಿ ಮುಂಬಯಿಯವರೆಗೂ ಬಂತು. ಹೆಂಚಿನ ಮಾಡಿನ ಶಾಲೆಯಲ್ಲಿ ಕೂತವರಿಗೆ ಅದರ ಗುಣ ಗೊತ್ತು. ಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬಿಸಿ ಗಾಳಿ ಮೇಲೆದ್ದು ಸಂದುಗಳಿಂದ ಹೊರಹೋಗುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟು ಸ್ಲ್ಯಾಬಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಮಧ್ಯಾಹ್ನದ ಬಿಸಿಲು ಒಳಗೆ ತಲುಪುವುದಕ್ಕೆ ಅದು ಕೆಲವು ತಾಸು ತೆಗೆದುಕೊಳ್ಳುತ್ತದೆ. ಆಮೇಲೆ, ಹೊರಗೆ ತಂಪಾದ ಹೊತ್ತಿಗೆ, ಒಳಗೆ ಸುರಿಯುತ್ತದೆ. ಹೆಂಚಿನಿಂದ ಸ್ಲ್ಯಾಬಿಗೆ ಹೋದದ್ದನ್ನು ನಾವು 'ಪಕ್ಕಾ ಕಟ್ಟಡ' ಎಂಬ ಬಡ್ತಿ ಎಂದೇ ಎಣಿಸಿದೆವು. ಕಪಿಗಳ ಕಾಟ, ಸೋರುವ ಮಾಡು, ಪ್ರತಿ ವರ್ಷದ ಕೈಯಾಡಿಸುವಿಕೆ, ಇವೆಲ್ಲ ತಪ್ಪಿದವು. ಸೆಕೆಯ ಲೆಕ್ಕವನ್ನು ಮಾತ್ರ ವಿದ್ಯುತ್ತಿಗೆ ಬಿಟ್ಟೆವು.

ವಿದ್ಯುತ್ತು ಮೈಸೂರು ಸಂಸ್ಥಾನಕ್ಕೆ ಬೇಗ ಬಂತು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಕಚೇರಿಗಳಲ್ಲಿ ಹಗ್ಗ ಎಳೆದು ಪಂಖಾ ಬೀಸುತ್ತಿದ್ದ ಆಳಿನ ಜಾಗಕ್ಕೆ ನಿಧಾನವಾಗಿ ಸೀಲಿಂಗ್ ಫ್ಯಾನು ಬಂತು. ಫ್ಯಾನು ಕೋಣೆಯ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಚಳಿ ಕಾಯಿಸುವ ಒಲೆಯ ಹಾಗೆ ಅದರ ಕೆಲಸವೂ ನೇರ ಮೈಯ ಜೊತೆಗೆ.

ಬರ್ಲಿನ್ನಿನಿಂದ ಬಂದ ಸರ್ಕಾರಿ ವಾಸ್ತುಶಿಲ್ಪಿ

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ವ್ಯಕ್ತಿ ಆಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲೇ ಅಲ್ಲಿನ ದೊಡ್ಡ ಗೌರವವಾದ ಶಿಂಕೆಲ್ ಪ್ರಶಸ್ತಿ ಗೆದ್ದರು. ಯಹೂದಿ ಮನೆತನದವರಾದ್ದರಿಂದ ಆ ದೇಶದಲ್ಲಿ ಅವರಿಗೆ ಭವಿಷ್ಯ ಉಳಿಯಲಿಲ್ಲ. ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಬಾಗಿಲುಗಳನ್ನು ಅಭ್ಯಾಸ ಮಾಡುತ್ತ ಕೆಲವು ವರ್ಷ ಕಳೆದರು. 1939ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಕೆಲವೇ ವರ್ಷ ಹಿಂದೆ ಸಿ. ವಿ. ರಾಮನ್ನರ ಕರೆಯ ಮೇಲೆ ಇದೇ ಊರಿನ ವಿಜ್ಞಾನ ಸಂಸ್ಥೆಯಲ್ಲಿ ಒಂದಷ್ಟು ಕಾಲ ಇದ್ದು ಹೋಗಿದ್ದರು.

ಕೋನಿಗ್ಸ್‌ಬರ್ಗರ್ 1948ರವರೆಗೆ ಇಲ್ಲಿದ್ದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನಶಾಸ್ತ್ರ ಮತ್ತು ಲೋಹಶಾಸ್ತ್ರ ವಿಭಾಗಗಳು, ಊಟದ ಹಾಲು, ಸಭಾಂಗಣ ಅವರ ಕೈಯವು. ಯುದ್ಧಕಾಲ, ಸಿಮೆಂಟು, ಕಬ್ಬಿಣ ಎರಡಕ್ಕೂ ತತ್ವಾರ. ಯೂರೋಪಿನಲ್ಲಿ ಕಲಿತ ವಾಸ್ತುಶಿಲ್ಪಿಗೆ ಗಾಜು, ಉಕ್ಕು, ಬಿಸಿ ನೀರಿನ ಕೊಳವೆಗಳ ಅಭ್ಯಾಸ. ಇಲ್ಲಿ ಅವರು ಕಲಿಯಬೇಕಾದದ್ದು ಛಜ್ಜ ಎಷ್ಟು ಚಾಚಬೇಕು, ಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಒಂದು ಕಿಟಕಿಯಿಂದ ಹೊಕ್ಕ ಗಾಳಿ ಎದುರಿನ ಕಿಟಕಿಯಿಂದ ಹೊರಗೆ ಹೋಗುತ್ತದೆಯೋ ಇಲ್ಲವೋ ಎಂಬುದನ್ನು.

ಸ್ವಾತಂತ್ರ್ಯದ ನಂತರ ಅವರು ಭುವನೇಶ್ವರದ ಹೊಸ ನಗರದ ಯೋಜನೆ ಹಾಕಿದರು, ದೆಹಲಿಯಲ್ಲಿ ಕೇಂದ್ರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ಬಂದ ನಿರಾಶ್ರಿತರಿಗಾಗಿ ಮನೆಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ಜೋಡಿಸುವ ಯೋಜನೆಯೊಂದು ಅಲ್ಲಿ ಸೋತಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋದರು. ಅಲ್ಲಿ 1954ರಲ್ಲಿ ಶುರುವಾದ ಉಷ್ಣವಲಯದ ವಾಸ್ತುಶಿಲ್ಪ ವಿಭಾಗವನ್ನು 1957ರಿಂದ ನಡೆಸಿದರು. ಸಂಗಡಿಗರ ಜೊತೆ ಅವರು ಬರೆದ ಉಷ್ಣವಲಯದ ಕಟ್ಟಡಗಳ ಕೈಪಿಡಿ 1970ರ ದಶಕದ ಮೊದಲಲ್ಲಿ ಬಂತು. ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಅದನ್ನು ಇವತ್ತಿಗೂ ಓದಿಸುತ್ತಾರೆ. ಬೆಂಗಳೂರಿನಲ್ಲಿ ಕಟ್ಟುತ್ತ ಕಲಿತದ್ದು ಲಂಡನ್ನಿಗೆ ಹೋಗಿ, ಇಂಗ್ಲಿಷಿನಲ್ಲಿ ಪುಸ್ತಕವಾಗಿ, ಮತ್ತೆ ಬೆಂಗಳೂರಿಗೆ ಬಂತು. ಅನುವಾದಕರಿಗೆ ಪರಿಚಿತವಾದ ದಾರಿ ಇದು.

ಆ ಗುಂಪಿನ ಕಾರ್ಲ್ ಮಹೋನಿ ಎಂಬವರ ಹೆಸರಿನ ಕೋಷ್ಟಕಗಳು ಆ ಕಾಲದ ಒಂದು ಸರಳ ಸಾಧನ. ವಿಶ್ವಸಂಸ್ಥೆ 1971ರಲ್ಲಿ ಪ್ರಕಟಿಸಿತು. ಕಂಪ್ಯೂಟರು ಬೇಡ, ಪೆನ್ಸಿಲು ಸಾಕು. ಊರಿನ ಹನ್ನೆರಡು ತಿಂಗಳ ಉಷ್ಣಾಂಶ, ತೇವಾಂಶ, ಮಳೆ ತುಂಬಿಸಿದರೆ ಕಟ್ಟಡ ಹೇಗಿರಬೇಕು ಎಂದು ಅದು ಹೇಳುತ್ತದೆ. ಸೀವುಡ್ಸಿನಂಥ ಕಡಲ ಬದಿಯ ಊರಿಗೆ ಹಾಕಿ ನೋಡಿದೆ. ಗಾಳಿಯ ಓಡಾಟ ಅತ್ಯಗತ್ಯವಾದ ತಿಂಗಳುಗಳು ಒಂದಾದ ಮೇಲೊಂದು ಬರುತ್ತವೆ. ಹಾಗಿದ್ದಾಗ ಕೋಷ್ಟಕದ ಸಲಹೆ ಹೀಗೆ: ಕಟ್ಟಡದ ಉದ್ದ ಬದಿಗಳು ಉತ್ತರ ದಕ್ಷಿಣಕ್ಕೆ ಇರಲಿ, ಕೋಣೆಗಳು ಒಂದೇ ಸಾಲಿನಲ್ಲಿರಲಿ, ಆಗ ಪ್ರತಿ ಕೋಣೆಗೂ ಎರಡು ಕಡೆಯಿಂದ ಗಾಳಿ, ಆ ಗೋಡೆಗಳ ಶೇಕಡಾ 40ರಿಂದ 80ರಷ್ಟು ತೆರಪು ಇರಲಿ, ಮಳೆಗೆ ಮರೆ ಇರಲಿ, ಮಾಡು ಹಗುರವಾಗಿ, ಶಾಖ ತಡೆಯುವಂತಿರಲಿ. ನಡುವೆ ಕತ್ತಲ ಓಣಿ, ಎರಡೂ ಬದಿಗೆ ಕೋಣೆ, ಮೇಲೆ ಬಿಸಿ ಸ್ಲ್ಯಾಬು ಇರುವ ನಮ್ಮ ಮಾಮೂಲು ಸರ್ಕಾರಿ ಕಟ್ಟಡವನ್ನು ಮನಸ್ಸಿನಲ್ಲಿ ಇದರ ಪಕ್ಕಕ್ಕಿಟ್ಟು ನೋಡಿ.

ಹಿತ ಎಂದರೆ ಎಷ್ಟು ಡಿಗ್ರಿ?

ಕಟ್ಟಡ ಎಷ್ಟು ತಂಪಿರಬೇಕು ಎನ್ನುವುದನ್ನು ನಿರ್ಧರಿಸುವವರು ಯಾರು? 1970ರಲ್ಲಿ ಡೆನ್ಮಾರ್ಕಿನ ಫ್ಯಾಂಗರ್ ಎಂಬವರು ಒಂದು ಸೂತ್ರ ಕೊಟ್ಟರು. ಹವೆಯನ್ನು ಬೇಕಾದಂತೆ ಬದಲಿಸಬಹುದಾದ ಪ್ರಯೋಗಕೋಣೆಯಲ್ಲಿ ಜನರನ್ನು ಕೂರಿಸಿ ಕೇಳಿ ಪಡೆದ ಉತ್ತರಗಳು ಅದರ ಆಧಾರ. ಜಗತ್ತಿನ ಏಸಿ ಕಟ್ಟಡಗಳ ಮಾನದಂಡ ಹೆಚ್ಚುಕಡಿಮೆ ಅದರ ಮೇಲೆಯೇ ನಿಂತಿತು. ಅದರ ಪ್ರಕಾರ ಓಸ್ಲೊದವರಿಗೂ ಉಡುಪಿಯವರಿಗೂ ಹಿತವಾದ ಉಷ್ಣಾಂಶ ಒಂದೇ.

ನಮ್ಮಲ್ಲಿ ಬೇರೆ ರೀತಿಯ ಕೆಲಸವೂ ನಡೆದಿತ್ತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಎಂ. ಆರ್. ಶರ್ಮಾ ಮತ್ತು ಶರಾಫತ್ ಅಲಿ 1986ರಲ್ಲಿ ಉಷ್ಣವಲಯದ ಬೇಸಿಗೆ ಸೂಚ್ಯಂಕ ಎಂಬುದನ್ನು ಪ್ರಕಟಿಸಿದರು. ಉಷ್ಣಾಂಶ, ತೇವ, ಗಾಳಿ ಮೂರನ್ನೂ ಸೇರಿಸಿದ ಒಂದು ಅಂಕಿ. ಅದು 25ರಿಂದ 30 ಡಿಗ್ರಿಯ ನಡುವೆ ಇದ್ದರೆ ಭಾರತೀಯರಿಗೆ ಹಿತ, 27.5 ಇದ್ದರೆ ಅತಿ ಹಿತ ಎಂದು ಅವರು ಕಂಡುಕೊಂಡರು. ಸೆಕೆಂಡಿಗೆ 1 ಮೀಟರು ವೇಗದ ಗಾಳಿ ಸುಮಾರು 2 ಡಿಗ್ರಿಯಷ್ಟು ಬಿಡುವು ಕೊಡುತ್ತದೆ ಎಂಬುದೂ ಅವರ ಲೆಕ್ಕದಲ್ಲಿದೆ. ಮುಂದೆ 2014ರ ಸುಮಾರಿಗೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದೆಹಲಿ, ಅಹಮದಾಬಾದ್, ಶಿಮ್ಲಾದ ಕಚೇರಿಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ ಹೊಸ ಮಾದರಿ ಕಟ್ಟಿದರು. ಹೊರಗಿನ ಹವೆಗೆ ಒಗ್ಗಿಕೊಂಡವರಿಗೆ ಒಳಗೆ ಹಿತವೆನಿಸುವ ಉಷ್ಣಾಂಶವೂ ಹೊರಗಿನ ಜೊತೆಗೇ ಏರಿಳಿಯುತ್ತದೆ ಎನ್ನುವುದು ಅದರ ತಿರುಳು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. 2020ರ ಜನವರಿಯಿಂದ ಹೊಸ ಏಸಿಗಳು ತಾವಾಗಿ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಬಂದದ್ದೂ ಇದೇ ಯೋಚನೆಯ ನಂಟಿನದು. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆ ಎಂದು ಇಂಧನ ದಕ್ಷತೆಯ ಕೇಂದ್ರ ಸಂಸ್ಥೆಯವರು ಹೇಳುತ್ತಾರೆ.

ಇದರ ಅರ್ಥ ಅಂಕಿಗಳಲ್ಲಿ ಹೀಗೆ. ಒಂದೂವರೆ ಟನ್ನಿನ ಏಸಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟು ಎಳೆಯುತ್ತದೆ. ಅಷ್ಟರಲ್ಲಿ 75 ವ್ಯಾಟಿನ ಹಳೆಯ ಫ್ಯಾನುಗಳು ಇಪ್ಪತ್ತು, 30 ವ್ಯಾಟಿನ ಹೊಸ ಬಿಎಲ್‌ಡಿಸಿ ಫ್ಯಾನುಗಳು ಐವತ್ತು ತಿರುಗುತ್ತವೆ.

ಬಚ್ಚಲೊಲೆಯ ಲೆಕ್ಕ

ಅಮ್ಮನ ಮಾತಿಗೆ ಮರಳಿದರೆ, ನಾವು ಕಾಯಿಸುವುದು ನೀರು. ಕರ್ನಾಟಕದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಂಡ ವಿಜ್ಞಾನಿ ಅಮೂಲ್ಯ ರೆಡ್ಡಿ. ವಿದ್ಯುತ್‌ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕದ ಸಹಲೇಖಕರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಕಟ್ಟಿ, ತುಮಕೂರು ಜಿಲ್ಲೆ ಕುಣಿಗಲ್ ಕಡೆಯ ಉಂಗ್ರ, ಪುರ ಮುಂತಾದ ಹಳ್ಳಿಗಳಲ್ಲಿ ಯಾರು ಎಷ್ಟು ಇಂಧನ ಯಾವುದಕ್ಕೆ ಬಳಸುತ್ತಾರೆ ಎಂದು ಮನೆಮನೆಗೆ ಹೋಗಿ ಅಳೆಸಿದರು. ಬಹುಪಾಲು ಇಂಧನ ಸೌದೆ. ಅದರ ಬಹುಪಾಲು ಹೋಗುತ್ತಿದ್ದದ್ದು ಅಡುಗೆಗೆ ಮತ್ತು ಸ್ನಾನದ ನೀರಿಗೆ. ಅದನ್ನು ಹೊತ್ತು ತರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಆ ಕೇಂದ್ರದ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ 'ಅಸ್ತ್ರ ಒಲೆ' ಮುಚ್ಚಿದ ಉರಿಗೂಡು, ಕೆಳಗೆ ಜಾಲರಿ, ಮೂರು ಪಾತ್ರೆ, ಹೊಗೆಕೊಳವೆ ಇದ್ದ ಒಲೆ. ಕಡಿಮೆ ಸೌದೆ, ಅಡುಗೆಮನೆಯಲ್ಲಿ ಹೊಗೆಯಿಲ್ಲ.

ರೆಡ್ಡಿಯವರ ಇನ್ನೊಂದು ಕೆಲಸ ಕಡತಗಳಲ್ಲಿ ನಡೆದದ್ದು. 1987ರಲ್ಲಿ ಕರ್ನಾಟಕ ಸರ್ಕಾರದ ಸಮಿತಿಯೊಂದು 2000ನೇ ಇಸವಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ತು ಬೇಕು ಎಂದು ಲೆಕ್ಕ ಹಾಕಿ ದೊಡ್ಡ ಸ್ಥಾವರಗಳ ಪಟ್ಟಿ ಕೊಟ್ಟಿತು. ರೆಡ್ಡಿ ಮತ್ತು ಜೊತೆಗಾರರು 1991ರಲ್ಲಿ ಅದಕ್ಕೆ ಪರ್ಯಾಯ ಲೆಕ್ಕ ಮುಂದಿಟ್ಟರು. ಜನಕ್ಕೆ ಬೇಕಿರುವುದು ಯೂನಿಟ್ಟುಗಳಲ್ಲ. ಬೆಳಕು, ಬಿಸಿ ನೀರು, ಹೊಲಕ್ಕೆ ನೀರು, ಬೆಂದ ಅನ್ನ. ಅದನ್ನೇ ಮೊದಲು ಎಣಿಸಿ, ಆಮೇಲೆ ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ಕೊಡುವ ದಾರಿ ಹುಡುಕಿದರೆ, ಸಮಿತಿ ಹೇಳಿದ ವಿದ್ಯುತ್ತಿನಲ್ಲಿ ಸುಮಾರು ಐದರಲ್ಲಿ ಎರಡು ಭಾಗ ಸಾಕಾಗುತ್ತದೆ ಎಂದು ತೋರಿಸಿದರು. ಕರೆಂಟಿನ ಗೀಸರಿನ ಬದಲು ಬಿಸಿಲಿನಿಂದ ನೀರು ಕಾಯಿಸುವುದು ಅವರ ಪಟ್ಟಿಯಲ್ಲಿ ಮೇಲಿತ್ತು.

ನೀವೇ ಗುಣಿಸಿ ನೋಡಬಹುದು. 100 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ಟು ಬೇಕು. ಇನ್ನೂರು ಮಕ್ಕಳ ಹಾಸ್ಟೆಲಿನಲ್ಲಿ ತಲೆಗೆ ಹದಿನೈದು ಲೀಟರು ಅಂಥ ಬಿಸಿ ನೀರೆಂದರೂ ದಿನಕ್ಕೆ 120 ಯೂನಿಟ್ಟು, ಅದೂ ಎಲ್ಲರೂ ಗೀಸರು ಹಾಕುವ ಬೆಳಗಿನ ಹೊತ್ತಿನಲ್ಲೇ. ಮಾಡಿನ ಮೇಲೆ ಕಪ್ಪು ಬಳಿದ ಫಲಕ, ಅದರಲ್ಲಿ ಕೊಳವೆ, ಮೇಲೊಂದು ಟ್ಯಾಂಕು ಇದ್ದರೆ ಬಿಸಿ ನೀರು ತಾನೇ ಮೇಲೇರುತ್ತದೆ, ತಣ್ಣೀರು ತಾನೇ ಕೆಳಗಿಳಿಯುತ್ತದೆ; ಪಂಪು ಕೂಡ ಬೇಡ. 2007ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಹಾಸ್ಟೆಲು, ಆಸ್ಪತ್ರೆ, ಹೋಟೆಲು, ದೊಡ್ಡ ಮನೆಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಹಾಕಿಸಿದ ಮನೆಗಳಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿಯೂ ಇತ್ತು. ಬೆಂಗಳೂರಿನ ಮೇಲೆ ವಿಮಾನ ಇಳಿಯುವಾಗ ಕಾಣುವ ಆ ಟ್ಯಾಂಕುಗಳ ಸಾಲಿನ ಹಿಂದೆ ಈ ಇತಿಹಾಸವಿದೆ. ಇತ್ತ ಮಹಾರಾಷ್ಟ್ರದಲ್ಲಿ ಶಿರಡಿಯ ಪ್ರಸಾದಾಲಯ 2009ರಲ್ಲಿ 73 ಕನ್ನಡಿ ತಟ್ಟೆಗಳಿಂದ ಉಗಿ ಮಾಡಿ ಸಾವಿರಾರು ಜನರಿಗೆ ಅಡುಗೆ ಮಾಡಲು ಶುರುಮಾಡಿತು. ಸಾರ್ವಜನಿಕ ಕಟ್ಟಡಗಳ 'ತಾಪನ' ನಮ್ಮಲ್ಲಿ ಇಂಥದು. ಕೋಣೆ ಕಾಯಿಸುವ ಅಧ್ಯಾಯಗಳ ನಡುವೆ ಇದಕ್ಕೆ ಆ ಕೈಪಿಡಿಯಲ್ಲಿ ಇದ್ದದ್ದು ಎರಡು ಪುಟ.

ನೂರು ಕಿಲೋವ್ಯಾಟಿನ ಗೆರೆ

ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರ ಅಡಿಯ ಕಟ್ಟಡ ಸಂಹಿತೆ 2007ರಲ್ಲಿ. ಕರ್ನಾಟಕ 2014ರಲ್ಲಿ ಅದನ್ನು ತನ್ನ ಹವೆಗೆ ಹೊಂದಿಸಿಕೊಂಡು ಅಧಿಸೂಚನೆ ಹೊರಡಿಸಿತು. ಗೋಡೆಯಿಂದ, ಮಾಡಿನಿಂದ, ಗಾಜಿನಿಂದ ಎಷ್ಟು ಶಾಖ ಒಳಗೆ ಬರಬಹುದು ಎನ್ನುವುದಕ್ಕೆ ಮೊದಲ ಬಾರಿಗೆ ಮಿತಿ ಬಂತು. ಒಳ್ಳೆಯ ಕೆಲಸ. ಆದರೆ ಅದು ಅನ್ವಯವಾಗುವುದು ಸುಮಾರು 100 ಕಿಲೋವ್ಯಾಟಿನ ಮೇಲಿನ ಲೋಡು ಇರುವ ದೊಡ್ಡ ಕಟ್ಟಡಗಳಿಗೆ.

ಈಗ ಒಂದು ಹಳ್ಳಿಯ ಶಾಲೆ ತೆಗೆದುಕೊಳ್ಳಿ. ನಾಲ್ಕು ಫ್ಯಾನು, ದಿನಕ್ಕೆ ಆರು ಗಂಟೆ, ತಿಂಗಳಿಗೆ 25 ದಿನ. 45 ಯೂನಿಟ್ಟು. ಎಲ್ಲ ಫ್ಯಾನುಗಳನ್ನೂ ಹೊಸದಕ್ಕೆ ಬದಲಿಸಿದರೆ ತಿಂಗಳಿಗೆ 27 ಯೂನಿಟ್ಟು ಉಳಿಯುತ್ತದೆ. ಯಾವ ಸಚಿವರೂ ರಿಬ್ಬನ್ ಕತ್ತರಿಸಲು ಬರುವಷ್ಟು ದೊಡ್ಡ ಉಳಿತಾಯವಲ್ಲ. ನಾಡಕಚೇರಿ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಡಿತರ ಅಂಗಡಿ, ಎಲ್ಲ ಇದೇ ಜಾತಿಯವು. ದೇಶದ ಹೆಚ್ಚಿನ ಜನ ಹೆಚ್ಚು ಹೊತ್ತು ಕೂರುವ, ಕಾಯುವ ಸರ್ಕಾರಿ ಕಟ್ಟಡಗಳು ಗೆರೆಯ ಕೆಳಗೇ ಉಳಿಯುತ್ತವೆ. ಬಳಸದ ಕರೆಂಟನ್ನು ಉಳಿಸಲು ಆಗುವುದಿಲ್ಲವಲ್ಲ.

ರೆಡ್ಡಿಯವರ ಪ್ರಶ್ನೆ ಇಲ್ಲಿ ಮತ್ತೆ ಬೇಕಾಗುತ್ತದೆ. ಯೂನಿಟ್ಟು ಬಿಟ್ಟು ಸೇವೆಯನ್ನು ಎಣಿಸಿ. ಆ ಶಾಲೆಯ ಮಕ್ಕಳಿಗೆ ಮಾರ್ಚಿನ ಮಧ್ಯಾಹ್ನ ಎರಡಕ್ಕೆ ಎಷ್ಟು ಹಿತ ಸಿಗುತ್ತಿದೆ? ಮಾಡಿಗೆ ಬಿಳಿ ಬಳಿದರೆ, ಎದುರುಬದುರು ಕಿಟಕಿ ತೆರೆದರೆ, ಪಶ್ಚಿಮಕ್ಕೊಂದು ಚಪ್ಪರ ಹಾಕಿದರೆ ಎಷ್ಟು ಹೆಚ್ಚಾಗುತ್ತದೆ? ಹೀಗೆ ಕೇಳಿದರೆ ಸುಣ್ಣವೂ ಇಂಧನ ದಕ್ಷತೆಯ ಸಾಧನವೇ. ತೆಲಂಗಾಣ 2023ರಲ್ಲಿ ತಂಪು ಮಾಡಿನ ನೀತಿ ತಂದು ಸರ್ಕಾರಿ ಕಟ್ಟಡಗಳನ್ನೂ ಅದರೊಳಗೆ ಸೇರಿಸಿತು. ಗೆರೆಯ ಕೆಳಗಿನವರನ್ನು ನೋಡುವ ಒಂದು ದಾರಿ ಅದು.

ಸ್ಟೇಷನ್ನಿನ ಕೆಳಗೆ, ಮಾಲಿನ ಮೇಲೆ

ಸೀವುಡ್ಸ್ ದಾರಾವೆ ಸ್ಟೇಷನ್ನು ನೋಡದವರಿಗೆ ಹೇಳಬೇಕು: ನಮ್ಮ ಸ್ಟೇಷನ್ನಿನ ತಲೆಯ ಮೇಲೆ ಮಾಲಿದೆ. ಮೇಲೆ ಸ್ವೆಟರು ಬೇಕೆನಿಸುವಷ್ಟು ತಂಪು, ಕೆಳಗೆ ಪ್ಲಾಟ್‌ಫಾರಮ್ಮಿನಲ್ಲಿ ಫ್ಯಾನಿನ ನೇರ ಕೆಳಗಿನ ಜಾಗಕ್ಕೆ ಸ್ಪರ್ಧೆ. ಒಂದೇ ಕಟ್ಟಡ. ಮೇ ತಿಂಗಳಲ್ಲಿ ಏನೂ ಕೊಳ್ಳದೆ ಮಾಲಿನಲ್ಲಿ ಒಂದು ಸುತ್ತು ಹಾಕಿ ಬೆವರು ಆರಿಸಿಕೊಂಡು ರೈಲಿಗೆ ಇಳಿಯುವವರು ಇದ್ದಾರೆ. ನಾನೂ ಅವರಲ್ಲೊಬ್ಬರು. ನವಿ ಮುಂಬಯಿಯನ್ನು ಕಟ್ಟಲು 1970ರಲ್ಲಿ ಸಿಡ್ಕೊ ಹುಟ್ಟಿದಾಗ ಅದರ ಮೊದಲ ಮುಖ್ಯ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನಮ್ಮ ಮುಂದಿನ ಸ್ಟೇಷನ್ನಾದ ಬೇಲಾಪುರದಲ್ಲಿ 1980ರ ದಶಕದಲ್ಲಿ ಅವರು ಕಟ್ಟಿದ ಬಡಾವಣೆಯಲ್ಲಿ ಏಳೇಳು ಮನೆಗಳ ಗುಂಪು, ನಡುವೆ ಅಂಗಳ. ನಮ್ಮ ಹವೆಯಲ್ಲಿ ಆಕಾಶಕ್ಕೆ ತೆರೆದ ಜಾಗವೂ ಒಂದು ಕೋಣೆ ಎಂಬುದು ಅವರ ಬಲವಾದ ನಂಬಿಕೆ.

ಅದನ್ನು ನಾನೂ ನಂಬುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಬೇಲಾಪುರದ ಮುಂದಿನ ಸ್ಟೇಷನ್ನು ಖಾರ್ಘರ್. 2023ರ ಏಪ್ರಿಲ್ 16ರಂದು ಅಲ್ಲಿನ ಬಯಲಿನಲ್ಲಿ ಸರ್ಕಾರಿ ಸಮಾರಂಭವೊಂದಕ್ಕೆ ಲಕ್ಷಾಂತರ ಜನ ಸೇರಿದ್ದರು. ನೆತ್ತಿಯ ಮೇಲೆ ಬಿಸಿಲು, ಕಡಲಿನ ತೇವ. ಬಿಸಿಲಿನ ಹೊಡೆತಕ್ಕೆ ಹದಿನಾಲ್ಕು ಜನ ತೀರಿಕೊಂಡರು. ಗಾಳಿಯೇ ಮೈಗಿಂತ ಬಿಸಿಯಾದಾಗ, ಬೆವರು ಆರದಷ್ಟು ತೇವವಿದ್ದಾಗ, ಫ್ಯಾನಿಗೂ ಅಂಗಳಕ್ಕೂ ಮಿತಿ ಬರುತ್ತದೆ. ಮನೆಯಲ್ಲಿ ಏಸಿ ಇಲ್ಲದವರಿಗೆ ಆಗ ಬೇಕಾಗುವುದು ಬಾಗಿಲು ತೆರೆದ ಒಂದು ತಂಪು ಕಟ್ಟಡ. ಅದು ಮಾಲೇ ಆಗಿರಬೇಕಾದ ಊರು ನಮ್ಮದಾಗಬಾರದು. 'ನಮ್ಮ ಅಜ್ಜಂದಿರು ಏಸಿ ಇಲ್ಲದೆ ಬದುಕಿದ್ದರು' ಎನ್ನುವ ಮಾತು ಕೇಳಲು ಚೆಂದ. ಅಜ್ಜಂದಿರ ಮೇ ತಿಂಗಳು ಬೇರೆ ಇತ್ತು, ಬದುಕದೆ ಹೋದವರ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಲೆಕ್ಕ ಇಟ್ಟ ಊರು ಅಹಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾಗಿದ್ದವು ಎಂದು ಆಮೇಲೆ ಎಣಿಸಿದರು. 2013ರಲ್ಲಿ ನಗರಪಾಲಿಕೆ ದೇಶದ ಮೊದಲ ಬಿಸಿಗಾಳಿ ಕಾರ್ಯಯೋಜನೆ ಮಾಡಿತು. ಆ ಕಥೆಯೊಳಗಿನ ಒಂದು ಸಣ್ಣ ಸಂಗತಿ ನನ್ನ ತಲೆಯಿಂದ ಹೋಗುವುದಿಲ್ಲ. ಅಲ್ಲಿನ ಶಾರದಾಬೆನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡು ಇದ್ದದ್ದು ಕೊನೆಯ ಮಹಡಿಯಲ್ಲಿ, ಬಿಸಿ ಸ್ಲ್ಯಾಬಿನ ನೇರ ಕೆಳಗೆ. ಅದನ್ನು ಕೆಳಗಿನ ಮಹಡಿಗೆ ಸ್ಥಳಾಂತರಿಸಿದರು. ಸೆಕೆಯಿಂದ ಕಾಯಿಲೆ ಬೀಳುವ ಕೂಸುಗಳ ಸಂಖ್ಯೆ ಇಳಿಯಿತು. ಒಂದು ಯೂನಿಟ್ಟು ಹೆಚ್ಚು ಖರ್ಚಾಗಲಿಲ್ಲ.

ಇದನ್ನು ಓದಿದಾಗ ನನಗೆ ಬಾಣಂತಿ ಕೋಣೆ ನೆನಪಾಯಿತು. ಎದ್ದು ನಡೆಯಬಲ್ಲವರು ಒಲೆಯ ಮುಂದೆ ಕೂತು ಚಳಿ ಕಾಯಿಸಿಕೊಳ್ಳಬಹುದು, ಜಗಲಿಗೆ ಬಂದು ಸೆಕೆ ಕಳೆದುಕೊಳ್ಳಬಹುದು. ಕೂಸು, ಬಾಣಂತಿ, ಹಾಸಿಗೆ ಹಿಡಿದವರು, ಜೈಲಿನಲ್ಲಿರುವವರು ಹಾಗೆ ಮಾಡಲಾರರು. ಅವರಿಗೆ ಕೋಣೆಯೇ ಹದವಾಗಿರಬೇಕು. ಉಳಿದವರಿಗೆ ನೆರಳು, ಗಾಳಿ, ಬಿಸಿ ನೀರು ಮೊದಲು. ಹವೆ ಕೈಮೀರಿದ ದಿನಗಳಿಗೆ ಪ್ರತಿ ವಾರ್ಡಿನಲ್ಲೂ ಒಂದು ತಂಪು ಹಾಲು. ಯಾವ ಕಟ್ಟಡಕ್ಕೆ ಎಷ್ಟು ಖರ್ಚು ಮಾಡಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಸರಳವಾದ ಅಳತೆಗೋಲು ಸಿಕ್ಕಿಲ್ಲ.

ಕೈಪಿಡಿಯ ಅನುವಾದ ಮುಗಿಸಿ ಕಳಿಸಿದೆ. 'ತಾಪನ'ವನ್ನು ಹಾಗೆಯೇ ಉಳಿಸಿದೆ, ಕೆಲಸ ಕೊಟ್ಟವರ ಮಾತು. ಜೊತೆಗೆ ಎರಡು ಪುಟದ ಟಿಪ್ಪಣಿ ಇಟ್ಟೆ: ನೀರು ಕಾಯಿಸುವ ಭಾಗವನ್ನು ದೊಡ್ಡದು ಮಾಡಿ, ಕೋಣೆ ಕಾಯಿಸುವ ಅಧ್ಯಾಯಗಳ ಜಾಗದಲ್ಲಿ ಮಾಡು, ಛಜ್ಜ, ಫ್ಯಾನು, ಕಿಟಕಿಗಳ ಬಗ್ಗೆ ಬರೆಸಿ, ಬೇಕಾದರೆ ನಾನು ಹಣ ತೆಗೆದುಕೊಳ್ಳದೆ ಭಾಷೆ ತಿದ್ದಿಕೊಡುತ್ತೇನೆ ಎಂದು. ಟಿಪ್ಪಣಿ ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂದಿದೆ. ಈ ವರ್ಷದ ಮೇ ಬರುವ ಮುಂಚೆ ನಮ್ಮ ಸೊಸೈಟಿಯ ತಾರಸಿಗೆ ಬಿಳಿ ಬಳಿಸಬೇಕು ಎಂದು ಸಭೆಯಲ್ಲಿ ಕೇಳಿದ್ದೇನೆ. ಕೆಳಗಿನ ಮೂರು ಮಹಡಿಯವರು ಇನ್ನೂ ಯೋಚಿಸುತ್ತಿದ್ದಾರೆ.